ಹಾಸು ಹತ್ತಿ, ಹೊಕ್ಕು ಕಸ

‘ಕಸದಿಂದ ರಸ’ ಎಂಬ ಮಾತನ್ನು ಹೇಳುವವರೆಲ್ಲ ರಸದ ಕಡೆಯ ಜನ. ಕಸದ ಕಡೆ ನಿಂತವರಾರೂ ಅದನ್ನು ಹೇಳಿದ್ದು ನಾನು ಕೇಳಿಲ್ಲ. ಸಭೆಗಳಲ್ಲಿ, ಶಾಲೆಯ ಗೋಡೆಗಳ ಮೇಲೆ, ಮಂತ್ರಿಗಳ ಭಾಷಣಗಳಲ್ಲಿ ಅದು ಬಹಳ ಚೆನ್ನಾಗಿ ಕೇಳಿಸುತ್ತದೆ. ಮೂಗು ಹಿಡಿದುಕೊಂಡು ನಿಂತಾಗ ಮಾತ್ರ ಪ್ರಾಸ ಬಾಯಿಗೆ ಬರುವುದಿಲ್ಲ. ಆರು ತಿಂಗಳು ಮೂಗು ಹಿಡಿದು ನಿಂತು, ಆಮೇಲೆ ಕೈಬಿಟ್ಟು, ಈಗ ಅದೇ ಕಸದ ವ್ಯಾಪಾರಿಯಾಗಿರುವ ನನ್ನ ಮಾತನ್ನು ವಾಚಕರು ಸ್ವಲ್ಪ ಸಾವಧಾನದಿಂದ ಕೇಳಬೇಕು.

ನಮ್ಮದು ದೊಡ್ಡಬಳ್ಳಾಪುರ. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಹಾಯುವ ಸೀಮೆ. ಕೆಳಗೆ ಹೆಸರಘಟ್ಟದಲ್ಲಿ ಆ ಹೊಳೆಯ ನೀರನ್ನು ನಿಲ್ಲಿಸಿ ಕೊಳವೆಯಲ್ಲಿ ಬೆಂಗಳೂರಿಗೆ ಒಯ್ದದ್ದು 1894ರಲ್ಲಿ. ರಾಜಧಾನಿಗೆ ನಲ್ಲಿ ನೀರಿನ ರುಚಿ ತೋರಿಸಿದ್ದು ಹೀಗೆ ನಮ್ಮ ಹೊಳೆಯೇ. ಕೊಟ್ಟದ್ದಕ್ಕೆ ಪ್ರತಿಯಾಗಿ ಏನಾದರೂ ಬರಬೇಕಲ್ಲವೆ? ನೂರು ವರ್ಷ ಕಳೆದ ಮೇಲೆ ಬಂತು, ಲಾರಿಗಳಲ್ಲಿ, ಟಾರ್ಪಾಲು ಹೊದೆಸಿಕೊಂಡು. ಮಾವಳ್ಳಿಪುರದಲ್ಲಿ ಸುರಿದರು, ಅಲ್ಲಿಯ ಜನ ಕೂಗಾಡಿ 2012ರಲ್ಲಿ ಅದು ನಿಂತಿತು. ಹೊಸಕೋಟೆಗೆ ಹೋಗುವ ಕಡೆ ಮಂಡೂರಿನಲ್ಲಿ ಬೆಟ್ಟವನ್ನೇ ಎಬ್ಬಿಸಿದರು. ಊರಿನವರು ರಸ್ತೆಗೆ ಅಡ್ಡ ಕುಳಿತು, 2014ರ ಕೊನೆಗೆ ಅದಕ್ಕೂ ಬೀಗ ಬಿತ್ತು. ನಮ್ಮ ತಾಲ್ಲೂಕಿನ ಗುಂಡ್ಲಹಳ್ಳಿ, ಚಿಗರೇನಹಳ್ಳಿಗಳ ಹೆಸರನ್ನು ಬೆಂಗಳೂರಿನವರು ಪತ್ರಿಕೆಗಳಲ್ಲಿ ಓದಿ ಕಲಿತದ್ದೂ ಕಸದ ದೆಸೆಯಿಂದಲೇ. 1986ರಿಂದ ನಮ್ಮ ಜಿಲ್ಲೆ ಬೆಂಗಳೂರು ಗ್ರಾಮಾಂತರ. 2025ರ ಜುಲೈಯಲ್ಲಿ ಸಚಿವ ಸಂಪುಟ ನಂದಿ ಬೆಟ್ಟದಲ್ಲಿ ಸಭೆ ಸೇರಿ ಇದನ್ನು ಬೆಂಗಳೂರು ಉತ್ತರ ಎಂದು ಕರೆಯಲು ಒಪ್ಪಿತು. ಹೆಸರು ಯಾವುದಾದರೂ ಆಗಲಿ, ಕಸಕ್ಕೆ ನಮ್ಮ ವಿಳಾಸ ಗೊತ್ತಿದೆ.

ಹಾಗೆಂದು ಎಲ್ಲ ತಪ್ಪನ್ನೂ ಬೆಂಗಳೂರಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಮುಗಿದ ಮಾರನೆಯ ದಿನ ಹೋಗಿ ನೋಡಿ. ಎತ್ತುಗಳು ಹೋಗಿರುತ್ತವೆ, ಗಾಡಿಗಳು ಹೋಗಿರುತ್ತವೆ, ದೇವರ ಪ್ರಸಾದವೂ ಹೋಗಿರುತ್ತದೆ. ಮೈದಾನದ ತುಂಬ ಬೆಳ್ಳಿಯ ಹೊಟ್ಟೆಯ ಖಾಲಿ ಪೊಟ್ಟಣಗಳು ಮಾತ್ರ ಬಿಸಿಲಿಗೆ ಮಿರುಗುತ್ತ ಉಳಿದಿರುತ್ತವೆ. ಇವು ನಮ್ಮವೇ. ನಾವೇ ತಿಂದು ಎಸೆದವು.

ಈ ಪೊಟ್ಟಣದ ವಿಷಯವನ್ನು ನಾನು ತಿಳಿದದ್ದು ಪುಸ್ತಕದಿಂದಲ್ಲ, ಗುಜರಿ ಅಂಗಡಿಯಿಂದ. ಗುಜರಿಯಲ್ಲಿಯೂ ಮೇಲು ಕೀಳುಗಳುಂಟು. ತಾಮ್ರ, ಹಿತ್ತಾಳೆ ಒಳಗಿನ ಕೋಣೆಗೆ ಹೋಗುತ್ತವೆ. ಕಬ್ಬಿಣ ಜಗಲಿಯ ಮೇಲೆ. ರದ್ದಿ ಕಾಗದ, ನೀರಿನ ಬಾಟಲಿ ಅಂಗಳದಲ್ಲಿ. ತೊಳೆದು ಒಣಗಿಸಿದ ಹಾಲಿನ ಕವರಿಗೂ ಅಲ್ಲಿ ಒಂದು ಮರ್ಯಾದೆಯಿದೆ. ಆದರೆ ಚಿಪ್ಸು, ಕುರುಕಲು ತಿಂಡಿಗಳ ಪೊಟ್ಟಣವನ್ನು ಗುಜರಿಯವನು ತಕ್ಕಡಿಯ ಹತ್ತಿರಕ್ಕೂ ಸೇರಿಸುವುದಿಲ್ಲ. ‘ಅದನ್ನ ಆಚೆಗೆ ಹಾಕಿ ಮೇಷ್ಟ್ರೇ’ ಎಂದುಬಿಡುತ್ತಾನೆ. ಇಡೀ ಲೋಕದ ತಿರಸ್ಕಾರವನ್ನೆಲ್ಲ ಕೊಂಡುಕೊಳ್ಳುವ ಅಂಗಡಿಯೇ ತಿರಸ್ಕರಿಸಿದ ವಸ್ತು ಅದು!

ಕಾರಣವೂ ಉಂಟು. ಅದು ಒಂದೇ ಪದರದ ಹಾಳೆಯಲ್ಲ. ಮೇಲೆ ಚಿತ್ರ ಅಚ್ಚಾದ ಒಂದು ಬಗೆಯ ಪ್ಲಾಸ್ಟಿಕ್, ಒಳಗೆ ಕೂದಲೆಳೆಯ ಸಾವಿರದೊಂದು ಪಾಲಿಗಿಂತಲೂ ತೆಳುವಾದ ಅಲ್ಯೂಮಿನಿಯಂ ಲೇಪ, ಅದರ ಕೆಳಗೆ ಮತ್ತೊಂದು ಬಗೆಯ ಪ್ಲಾಸ್ಟಿಕ್. ಗರಿಗರಿ ಕೆಡದಂತೆ ಗಾಳಿಯನ್ನೂ ಪಸೆಯನ್ನೂ ತಡೆಯುವುದಕ್ಕೆ ಇಷ್ಟು ಸನ್ನಾಹ. ಪಾಲಿಥೀನು ಸುಮಾರು 110 ಡಿಗ್ರಿಗೆ ಕರಗಿದರೆ, ಪಾಲಿಪ್ರೊಪಿಲೀನು 160 ದಾಟದೆ ಅಲುಗಾಡುವುದಿಲ್ಲ. ಬಿಡಿಸುವ ಹಾಗಿಲ್ಲ, ಒಟ್ಟಿಗೆ ಕರಗಿಸುವ ಹಾಗೂ ಇಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚಿಯಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರವೂ ಒಮ್ಮೆ ಬಳಸಿ ಎಸೆಯುವ ಕೆಲವು ಸಾಮಾನುಗಳನ್ನು 2022ರ ಜುಲೈ 1ರಿಂದ ನಿಲ್ಲಿಸಿತು. ತಿಂಡಿಯನ್ನು ಒಳಗಿಟ್ಟು ಮುಚ್ಚಿ ಬರುವ ಈ ಪೊಟ್ಟಣ ಎರಡೂ ಬಾರಿ ನುಣುಚಿಕೊಂಡು ಅಂಗಡಿಯ ಮುಂದೆ ಹಾರದಂತೆ ತೂಗಾಡುತ್ತಲೇ ಇದೆ.

ಪ್ಲಾಸ್ಟಿಕ್ಕಿನ ಜಾತಕವನ್ನು ತೆಗೆದರೆ ಅದು ಕೆಟ್ಟ ಮುಹೂರ್ತದಲ್ಲಿ ಹುಟ್ಟಿದ್ದೇನೂ ಅಲ್ಲ. ಬಿಲಿಯರ್ಡ್ಸ್ ಚೆಂಡಿಗೆ ಬಳಸುತ್ತಿದ್ದ ಆನೆಯ ದಂತಕ್ಕೆ ಬದಲಿ ಹುಡುಕುತ್ತ ಅಮೆರಿಕದ ಜಾನ್ ಹಯಟ್ ಎಂಬಾತ 1869ರಲ್ಲಿ ಸೆಲ್ಯುಲಾಯಿಡನ್ನು ತಯಾರಿಸಿದ. ಆನೆಯ ಪ್ರಾಣಕ್ಕೆ ಒದಗೀತು ಎಂದು ಬಂದ ವಂಶದ ಕುಡಿ ಈಗ ನಮ್ಮೂರ ದನಗಳ ಹೊಟ್ಟೆ ಸೇರಿ ಪ್ರಾಣ ತೆಗೆಯುತ್ತಿದೆ. ವಂಶದಲ್ಲಿ ಮೊದಲನೆಯವರು ಒಳ್ಳೆಯವರಾಗಿದ್ದರೆ ಸಾಲದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇನ್ನು ನಮ್ಮ ಮನೆಯ ಸಮಾಚಾರ. ನಾವು ನೇಯ್ಗೆಯವರು. ದೇವಲ ಮಹರ್ಷಿ ವಿಷ್ಣುವಿನ ನಾಭಿಕಮಲದ ದಂಟಿನಿಂದ ನೂಲು ತೆಗೆದು ದೇವತೆಗಳಿಗೆಲ್ಲ ಬಟ್ಟೆ ನೇಯ್ದು ಕೊಟ್ಟನೆಂದು ಕಥೆ ಕೇಳುತ್ತ ಬೆಳೆದವರು. ನಮ್ಮ ಬೀದಿಯಲ್ಲಿ ಹಗಲು ರಾತ್ರಿ ಪವರ್‌ಲೂಮಿನ ಸದ್ದು. ಹೊರಗಿನಿಂದ ಬಂದ ನೆಂಟರಿಗೆ ಅದರಿಂದ ನಿದ್ದೆ ಬಾರದು. ನಮಗೆ ಅದು ನಿಂತರೆ ಎಚ್ಚರವಾಗುತ್ತದೆ. ಈಚೆಗೆ ಹಾಗೆ ಎಚ್ಚರವಾಗುವುದು ಹೆಚ್ಚಾಗಿದೆ. ರೇಷ್ಮೆಯ ದರ ಏರಿತು, ಹೊರಗಿನ ಅಗ್ಗದ ಸೀರೆ ಬಂತು, ಬಾಕಿ ವಸೂಲಾಗಲಿಲ್ಲ. ಒಂದೊಂದೇ ಮನೆಯಲ್ಲಿ ಸದ್ದು ಅಡಗಿತು. ನಮ್ಮ ಎದುರು ಮನೆಯವರು ಎರಡು ಮಗ್ಗಗಳನ್ನು ಬಿಚ್ಚಿ ಗುಜರಿಗೆ ಹಾಕಿದ ದಿನ ನಾನು ಜಗಲಿಯ ಮೇಲೆಯೇ ಇದ್ದೆ. ಮೂವತ್ತು ವರ್ಷ ಸೀರೆ ಕೊಟ್ಟ ಯಂತ್ರವನ್ನು ತಕ್ಕಡಿಗೆ ಏರಿಸಿ ಕಿಲೋ ಲೆಕ್ಕದಲ್ಲಿ ಬೆಲೆ ಕಟ್ಟಿದರು. ಮನೆಯಾಕೆ ಬಾಗಿಲಿನ ಹಿಂದೆ ನಿಂತು ಮಗ್ಗಕ್ಕೆ ಕುಂಕುಮವಿಟ್ಟಿದ್ದ ಜಾಗವನ್ನೇ ನೋಡುತ್ತಿದ್ದಳು. ಆ ದಿನದಿಂದ ‘ಕಸ’ ಎಂಬ ಶಬ್ದ ನನಗೆ ಮೊದಲಿನಂತೆ ಕೇಳಿಸುತ್ತಿಲ್ಲ. ನೆನ್ನೆಯವರೆಗೆ ಪೂಜೆಗೊಳ್ಳುತ್ತಿದ್ದುದು ಈ ಹೊತ್ತು ಕಸವಾಗಬಹುದಾದರೆ, ಈ ಹೊತ್ತಿನ ಕಸ ನಾಳೆ ಇನ್ನೇನಾದರೂ ಆಗಬಾರದೇಕೆ?

ಇದನ್ನು ನಾನು ಯೋಚಿಸಿದೆ, ಅಷ್ಟೆ. ಮಾಡಿದವಳು ನನ್ನ ಸೊಸೆ. ಮೇಷ್ಟರಿಗೂ ಅವಳಿಗೂ ಇರುವ ವ್ಯತ್ಯಾಸ ಅದು. ಅವಳು ನಮ್ಮೂರ ಉಡುಪು ಕಾರ್ಖಾನೆಯೊಂದರಲ್ಲಿ ಹೊಲಿಗೆಗೆ ಕುಳಿತಿದ್ದವಳು. ಮಗುವಾದ ಮೇಲೆ ಬಿಟ್ಟಿದ್ದಳು. ಒಂದು ಸಂಜೆ ನನ್ನ ಮುಂದೆ ಒಂದು ಚಿತ್ರವನ್ನಿಟ್ಟು, ‘ಮಾವ, ಪುಣೆಯಲ್ಲಿ ರೀಚರಖಾ ಅಂತ ಇದ್ದಾರೆ. ಪ್ಲಾಸ್ಟಿಕ್ ಕವರನ್ನ ಪಟ್ಟಿ ಮಾಡಿ, ಚರಕದಲ್ಲಿ ಸುತ್ತಿ, ಕೈಮಗ್ಗದಲ್ಲಿ ನೇಯ್ತಾರೆ. ಕಛ್‌ನಲ್ಲಿ ಖಮೀರ್ ಅನ್ನೋ ಸಂಸ್ಥೆಯವರೂ ನೇಯ್ತಾರೆ. ದೆಹಲಿಯಲ್ಲಿ ಕನ್ಸರ್ವ್ ಇಂಡಿಯಾ ಅನ್ನೋರು ಕವರುಗಳನ್ನ ಬಿಸಿಯಲ್ಲಿ ಒತ್ತಿ ಹಾಳೆ ಮಾಡಿ ಹೆಂಗಸರ ಕೈಚೀಲ ಹೊಲಿತಾರೆ. ನಮ್ಮೂರಲ್ಲಿ ಮಗ್ಗ ಇದೆ, ನೇಯೋರಿದ್ದಾರೆ, ಕಸವಂತೂ ಕೇಳಲೇಬೇಡಿ. ನಾವ್ಯಾಕೆ ಮಾಡಬಾರದು?’ ಎಂದಳು. ಬೆಂಗಳೂರಿನಲ್ಲೇ ಅಹಮದ್ ಖಾನ್, ರಸೂಲ್ ಖಾನ್ ಸಹೋದರರು ಪ್ಲಾಸ್ಟಿಕ್ ಚೂರನ್ನು ಡಾಂಬರಿಗೆ ಬೆರೆಸಿ ರಸ್ತೆಗೆ ಹಾಸಿ ತೋರಿಸಿದ್ದು ನನಗೆ ನೆನಪಿತ್ತು. ರಸ್ತೆಗೆ ಹಾಸಬಹುದಾದರೆ ಮಗ್ಗಕ್ಕೇಕೆ ಬೇಡ?

ಯೋಚಿಸಿದರೆ ಇದೇನೂ ನಮಗೆ ಹೊಸ ವಿದ್ಯೆಯಲ್ಲ. ಹಳೆಯ ಸೀರೆಗಳನ್ನು ಒಂದರ ಮೇಲೊಂದಿಟ್ಟು ಬೊಂತೆ ಹೊಲಿದು ಮೊಮ್ಮಕ್ಕಳಿಗೆ ಹೊದಿಸಿದವರು ನಮ್ಮ ಅಜ್ಜಿಯರು. ಉತ್ತರದ ಸೀಮೆಯಲ್ಲಿ ಅದನ್ನೇ ಕೌದಿ ಎನ್ನುತ್ತಾರೆ. ಬಣ್ಣದ ವೈರು ತಂದು ಬುಟ್ಟಿ ಹೆಣೆಯದ ಹುಡುಗಿಯರು ನಮ್ಮ ಕಾಲದಲ್ಲಿ ಯಾವ ಮನೆಯಲ್ಲಿದ್ದರು? ಆ ಬುಟ್ಟಿಗಳಲ್ಲಿ ಇಂದಿಗೂ ಸೊಪ್ಪು ತರುವವರಿದ್ದಾರೆ. ಯಾವುದನ್ನೂ ಎಸೆಯದವರ ಮೊಮ್ಮಕ್ಕಳು ಎಲ್ಲವನ್ನೂ ಎಸೆಯುವವರಾದದ್ದು ಒಂದೇ ತಲೆಮಾರಿನ ಸಾಧನೆ.

ಬಂಡವಾಳಕ್ಕೆ ಬ್ಯಾಂಕಿಗೆ ಹೋದೆವು. ಮುದ್ರಾ ಯೋಜನೆಯಲ್ಲಿ 50,000 ರೂಪಾಯಿಯವರೆಗಿನ ಸಾಲಕ್ಕೆ ‘ಶಿಶು’ ಎಂದು ಹೆಸರು. ಪಾಲುದಾರರಲ್ಲಿ ಒಬ್ಬನಾಗಿ ರುಜು ಹಾಕಿ, ನನ್ನ 61ನೆಯ ವಯಸ್ಸಿನಲ್ಲಿ ನಾನು ಶಿಶುವಾದೆ. ಲೆಕ್ಕ ಬರೆಯುವವರಿಗೆ ಬೇರೆ ಕಷ್ಟ. ‘ಇದು ಬಟ್ಟೆಯೋ ಪ್ಲಾಸ್ಟಿಕ್ಕೋ, ಯಾವುದರಲ್ಲಿ ಸೇರಿಸಲಿ?’ ಎಂದು ತಲೆ ಕೆರೆದುಕೊಂಡರು. ಕೊನೆಗೆ ತೆರಿಗೆಯ ಪಟ್ಟಿಯ 42ನೆಯ ಅಧ್ಯಾಯದಲ್ಲಿ ಕೈಚೀಲಗಳಿಗೆ ಸ್ಥಳ ಸಿಕ್ಕಿತು. ಅದು ಚರ್ಮದ ಸಾಮಾನುಗಳ ಪಂಕ್ತಿ. ನೇಯ್ಗೆಯವರ ಮನೆಯಲ್ಲಿ ಹುಟ್ಟಿದ ಕೂಸು ಅಲ್ಲಿ ಹೋಗಿ ಎಲೆ ಹಾಕಿಸಿಕೊಂಡಿತು. ಸರ್ಕಾರದ ಪಟ್ಟಿಗೆ ಜಾತಿಯ ಹಂಗಿಲ್ಲವೆಂದು ನಾನು ಸಂತೋಷಪಟ್ಟೆ.

ಆದರೆ ನಮ್ಮ ಚಿಕ್ಕಪ್ಪನವರಿಗೆ ಆ ಹಂಗಿತ್ತು. ನಿಜವಾದ ಕಥೆ ಇರುವುದು ಇಲ್ಲಿ.

ಪವರ್‌ಲೂಮಿನ ಓಟಕ್ಕೆ ಚಿಪ್ಸಿನ ಪಟ್ಟಿ ಒಗ್ಗುವುದಿಲ್ಲ, ಕೈಮಗ್ಗವೇ ಬೇಕು. ಅಪ್ಪನ ಕಾಲದ ಕುಣಿಮಗ್ಗದ ಮರಮುಟ್ಟು ಅಟ್ಟದ ಮೇಲಿತ್ತು. ಅದನ್ನು ಹೂಡಿ ನೇಯಬಲ್ಲವರು ನಮ್ಮ ಮನೆತನದಲ್ಲಿ ಉಳಿದಿದ್ದವರು ಎಂಬತ್ತರ ಗಡಿಯಲ್ಲಿದ್ದ ಚಿಕ್ಕಪ್ಪ ಒಬ್ಬರೇ. ರೇಷ್ಮೆ ಮಡಿ ಬಟ್ಟೆ. ಜೀವಮಾನವೆಲ್ಲ ಸ್ನಾನ ಮಾಡದೆ ಮಗ್ಗ ಮುಟ್ಟದವರು, ಚೌಡೇಶ್ವರಿಗೆ ಕೈ ಮುಗಿಯದೆ ಲಾಳಿ ಹಿಡಿಯದವರು. ನಾವು ವಿಷಯ ಹೇಳಿದಾಗ ಅವರು ಸೊಸೆಯ ಮುಖ ನೋಡಲಿಲ್ಲ, ನನ್ನನ್ನೇ ನೋಡಿದರು.

‘ಅಲ್ಲಯ್ಯಾ, ಓದಿದೋನು ನೀನು. ಯಾರೋ ತಿಂದು ಬಿಸಾಕಿದ ಎಂಜಲ ತಂದು ಅಣ್ಣನ ಮಗ್ಗದ ಮೇಲೆ ಹಾಕ್ತೀನಿ ಅಂತೀಯಲ್ಲ!’

ಅದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಸೊಸೆಯೂ ವಾದಕ್ಕೆ ಹೋಗಲಿಲ್ಲ. ಅವಳು ತನ್ನ ಕೆಲಸ ಮುಂದುವರಿಸಿದಳು. ಚಿಂದಿ ಆಯುವ ನಾಲ್ವರು ಹೆಂಗಸರನ್ನು ಗೊತ್ತುಮಾಡಿ, ಪೊಟ್ಟಣಗಳನ್ನು ಬೇರೆಯಾಗಿ ತಂದುಕೊಟ್ಟರೆ ಕಿಲೋಗೆ 40 ರೂಪಾಯಿ ಎಂದಳು. ಮೊದಲು ಅವರು ನಂಬಲಿಲ್ಲ. ಗುಜರಿಯವನು ಎಸೆಯುವುದಕ್ಕೆ ಕಾಸು ಕೊಡುವ ಹೆಂಗಸಿನ ತಲೆ ನೆಟ್ಟಗಿರಲಾರದು ಎಂದುಕೊಂಡರು. ಬೆಂಗಳೂರಿನಲ್ಲಿ ಹಸಿರು ದಳದವರು ಇಂಥ ಜನರಿಗೆ ಪಾಲಿಕೆಯ ಗುರುತಿನ ಚೀಟಿ ಕೊಡಿಸಲು ದುಡಿದಿದ್ದಾರೆ. ನಮ್ಮ ನಾಲ್ವರಿಗೆ ಇದ್ದ ಗುರುತೆಂದರೆ ಹೆಗಲ ಮೇಲಿನ ಗೋಣಿ ಮಾತ್ರ. ಅದನ್ನು ಕಂಡರೆ ನಾಯಿ ಬೊಗಳುತ್ತದೆ, ಮನುಷ್ಯರು ಬಾಗಿಲು ಹಾಕುತ್ತಾರೆ. ನಮ್ಮ ಹಿತ್ತಲಲ್ಲಿ ಅವರಿಗೆ ಮಣೆ, ಲೋಟದಲ್ಲಿ ಕಾಫಿ. ಚಿಕ್ಕಪ್ಪ ಅದನ್ನು ಕಿಟಕಿಯಿಂದ ನೋಡುತ್ತಿದ್ದರು.

ತೊಳೆಯುವುದು ದೊಡ್ಡ ಕೆಲಸ. ಅಂಟುವಾಳಕಾಯಿಯ ನೀರಿನಲ್ಲಿ ಜಿಡ್ಡು ಬಿಡಿಸಿ, ಎರಡು ಬಾರಿ ಜಾಲಿಸಿ, ನೆರಳಲ್ಲಿ ಹಗ್ಗಕ್ಕೆ ಸಿಕ್ಕಿಸಿ ಒಣಗಿಸಬೇಕು. ಮೊದಲೇ ನಮ್ಮೂರ ಕೆರೆಗಳು ಕಾರ್ಖಾನೆಗಳ ನೀರು ಕುಡಿದು ಕಂಗೆಟ್ಟಿವೆ. ಅದಕ್ಕೆ ನಮ್ಮ ಪಾಲನ್ನೂ ಸೇರಿಸಬಾರದೆಂದು ತೊಳೆದ ನೀರನ್ನು ಡ್ರಮ್ಮಿನಲ್ಲಿ ತಿಳಿಗೊಳಿಸಿ, ಜಿಡ್ಡು ತೆಗೆದು, ಜಲ್ಲಿ ಮರಳಿನ ಗುಂಡಿಗೆ ಬಿಡುತ್ತೇವೆ. ಆಷಾಢದ ಗಾಳಿಗೆ ಒಮ್ಮೆ ಇನ್ನೂರು ಪೊಟ್ಟಣಗಳು ಹಗ್ಗ ಬಿಟ್ಟು ಬೀದಿಯವರ ಮಾಳಿಗೆಗಳ ಮೇಲೆಲ್ಲ ಇಳಿದವು. ‘ಮೇಷ್ಟ್ರಿಗೆ ಪೆನ್ಷನ್ನು ಸಾಲದೆ ಹೋಯಿತು, ಪಾಪ’ ಎಂದು ಬೀದಿ ಮರುಗಿತು.

ಒಣಗಿದ ಪೊಟ್ಟಣದ ತಲೆ ಬುಡ ಕತ್ತರಿಸಿ, ಉಳಿದ ಕೊಳವೆಯನ್ನು ಚಕ್ಕುಲಿ ಸುತ್ತಿದಂತೆ ಸುರುಳಿಯಾಗಿ ಅರ್ಧ ಅಂಗುಲ ಅಗಲಕ್ಕೆ ಕತ್ತರಿಸಿದರೆ ತುಂಡಾಗದ ಉದ್ದ ಪಟ್ಟಿ ಬರುತ್ತದೆ. ಹಾಸಿಗೆ ಹತ್ತಿ ನೂಲು, ಹೊಕ್ಕಿಗೆ ಈ ಪಟ್ಟಿ. ನಮ್ಮ ಸೊಸೆ ಬಡಗಿಯಿಂದ ಒಂದು ಸಣ್ಣ ಚೌಕಟ್ಟು ಮಾಡಿಸಿಕೊಂಡು ತಾನೇ ನೇಯಲು ಕುಳಿತಳು. ಅಂಚು ಒಂದು ಕಡೆ ಎಳೆದುಕೊಂಡಿತು, ಇನ್ನೊಂದು ಕಡೆ ಸಡಿಲವಾಯಿತು. ಮೂರು ದಿನ ನೋಡಿದ ಚಿಕ್ಕಪ್ಪನವರಿಗೆ ನಾಲ್ಕನೆಯ ದಿನ ತಡೆಯಲಿಲ್ಲ. ಧರ್ಮಕ್ಕೆ ಕೇಡು ಬಂದರೆ ಸಹಿಸಿಕೊಂಡಾರು. ಅಂಚು ಡೊಂಕಾದರೆ ನೇಕಾರ ಸಹಿಸಲಾರ.

‘ಹೊಕ್ಕು ಹಾಕುವಾಗ ಬಿಲ್ಲಿನ ಹಾಗೆ ಬಿಡಬೇಕಮ್ಮ, ಎಳೀಬಾರದು. ಏಳು, ತೋರಿಸ್ತೀನಿ’ ಎಂದು ಕುಳಿತೇಬಿಟ್ಟರು.

ಮಾರನೆಯ ದಿನ ಅಟ್ಟದಿಂದ ಮರಮುಟ್ಟು ಇಳಿಯಿತು. ಒಂದು ಷರತ್ತು: ಪೊಟ್ಟಣ ಎರಡು ಬಾರಿಯಲ್ಲ, ಮೂರು ಬಾರಿ ಜಾಲಿಸಬೇಕು, ಮೂರನೆಯದು ಅವರ ಕಣ್ಣೆದುರಿಗೇ ಆಗಬೇಕು. ಮೂರನೆಯ ನೀರಿನಲ್ಲಿ ಜಿಡ್ಡೇನೂ ಬಿಡುವುದಿಲ್ಲ. ಬಿಡುವುದು ಬೇರೆ ಏನೋ; ನಾವು ಅದನ್ನು ಇಂದಿಗೂ ತಪ್ಪಿಸಿಲ್ಲ. ಪಟ್ಟಿಯ ಕಂಡಿಕೆ ರೇಷ್ಮೆಯ ಲಾಳಿಯಲ್ಲಿ ಕೂರದಾಗ ಅಂಗೈ ಅಗಲದ ಹಲಗೆಯನ್ನು ಕೆತ್ತಿ ಹೊಸ ಲಾಳಿ ಮಾಡಿದವರೂ ಅವರೇ. ಹಣಿಗೆ ಬಡಿದಾಗಲೆಲ್ಲ ಪಟ್ಟಿ ಚರಚರ ಎನ್ನುತ್ತದೆ. ‘ರೇಷ್ಮೆ ಬಾಯಿ ಬಿಡ್ತಿರಲಿಲ್ಲ, ಇದು ಬಾಯಿ ಮುಚ್ಚೋದೇ ಇಲ್ಲ’ ಎನ್ನುತ್ತಾರೆ. ಆದರೆ ಮೊದಲ ಗಜ ಮುಗಿದ ಸಂಜೆ ಅದನ್ನು ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಒಂದು ಮಡಿಕೆಯಲ್ಲಿ ಕೆಂಪು, ಇನ್ನೊಂದರಲ್ಲಿ ಒಳಗಿನ ಬೆಳ್ಳಿ. ‘ಜರಿ ಇದ್ದ ಹಾಗಿದೆಯಲ್ಲೋ’ ಎಂದರು. ಎಂಜಲೆಂಬ ಮಾತು ಆಮೇಲೆ ಅವರ ಬಾಯಿಂದ ಬರಲಿಲ್ಲ. ಈಗ ಎದುರು ಮನೆಯಾತನೂ, ಇನ್ನೊಬ್ಬ ಹುಡುಗನೂ ಅವರ ಹತ್ತಿರ ಕಲಿತು ನೇಯುತ್ತಿದ್ದಾರೆ. ನಮ್ಮಲ್ಲಿ ಮೂರು ಮಗ್ಗಗಳಾಗಿವೆ.

ಕೈಚೀಲ, ಹಣದ ಚೀಲ, ಕನ್ನಡಕದ ಕೋಶ, ಕಿವಿಗೆ ತೂಗುಹಾಕುವ ಪುಟ್ಟ ಲೋಲಕ್ಕು, ಇವು ನಮ್ಮ ಸರಕು. ಬೆಂಗಳೂರಿನ ಸಂತೆ, ಪ್ರದರ್ಶನಗಳಿಗೆ ಒಯ್ಯುತ್ತೇವೆ. ಅಲ್ಲಿ ನಾನು ಕಂಡ ಜನ ಮೂರು ಬಗೆ. ಮೊದಲನೆಯವರು ಚೀಲವನ್ನು ಮೆಚ್ಚಿ, ಹಿಡಿದು, ಹೆಗಲಿಗೆ ಹಾಕಿ, ಅದು ಯಾವುದರಿಂದ ಆದದ್ದೆಂದು ಕೇಳಿದೊಡನೆ ಬಿಸಿ ಪಾತ್ರೆಯಂತೆ ಕೆಳಗಿಡುವವರು. ಎರಡನೆಯವರು ಪುಣ್ಯಕ್ಕಾಗಿ ಕೊಳ್ಳುವವರು. ‘ಇನ್ನು ಮೇಲೆ ಚಿಪ್ಸು ತಿಂದು ಪೊಟ್ಟಣ ನಿಮಗೇ ಕಳಿಸ್ತೀವಿ’ ಎಂದು ಒಬ್ಬರು ಹೇಳಿದರು. ತಿನ್ನದೆ ಇದ್ದರೂ ನಮಗೆ ಬೇಸರವಿಲ್ಲವೆಂದು ನಾನು ಹೇಳಬೇಕಾಯಿತು. ಮೂರನೆಯವರು ಹಳೆಯ ಗೃಹಿಣಿಯರು. ತಿರುಗಿಸಿ ಹೊಲಿಗೆ ನೋಡುತ್ತಾರೆ, ಜಿಪ್ಪು ಎಳೆಯುತ್ತಾರೆ, ಕೊನೆಗೆ ‘ಕಸಕ್ಕೆ 650 ರೂಪಾಯೇ?’ ಎನ್ನುತ್ತಾರೆ. ನನಗೆ ಇವರ ಮೇಲೆಯೇ ಗೌರವ ಹೆಚ್ಚು. ಕೇಳಬೇಕಾದ ಪ್ರಶ್ನೆ ಅದು.

ಲೆಕ್ಕ ಹೀಗಿದೆ. ಒಂದು ಚೀಲಕ್ಕೆ ಸುಮಾರು 40 ಪೊಟ್ಟಣ. ಅದರ ಬೆಲೆ 6 ರೂಪಾಯಿ. ತೊಳೆದು ಕತ್ತರಿಸಿದ್ದಕ್ಕೆ 120. ನೇಯ್ದದ್ದಕ್ಕೆ 130. ಹೊಲಿದದ್ದಕ್ಕೆ 110. ನೂಲು, ಒಳಬಟ್ಟೆ, ಜಿಪ್ಪಿಗೆ 120. ಮಳಿಗೆಯ ಬಾಡಿಗೆ, ಬಸ್ಸು, ವಿದ್ಯುತ್ತು 90. ಉಳಿಯುವುದು 74; ಅದರಲ್ಲಿ ಶಿಶುವಿನ ಕಂತು ತೀರಬೇಕು. ಆದ್ದರಿಂದ, ತಾಯೀ, ಕಸಕ್ಕೆ ನೀವು ಕೊಡುವುದು 6 ರೂಪಾಯಿ ಮಾತ್ರ; ಉಳಿದದ್ದು ಮನುಷ್ಯರಿಗೆ.

ಇದರಿಂದ ಲೋಕದ ಕಸ ತೀರುತ್ತದೆಯೇ ಎಂದು ಕೇಳಿದರೆ, ಇಲ್ಲ. ಬೆಂಗಳೂರು ದಿನವೊಂದಕ್ಕೆ ಎಸೆಯುವುದು ಸಾವಿರಾರು ಟನ್ನು; ನಮ್ಮ ಮೂರು ಮಗ್ಗಗಳು ತಿಂಗಳಿಗೆ ಮುಗಿಸುವುದು ಒಂದೆರಡು ಗೋಣಿ. ನಮ್ಮ ಚೀಲವೂ ಚಿರಂಜೀವಿಯಲ್ಲ. ಒಂದು ದಿನ ಹರಿಯುತ್ತದೆ, ಪ್ಲಾಸ್ಟಿಕ್ಕು ಪ್ಲಾಸ್ಟಿಕ್ಕಾಗಿಯೇ ಉಳಿಯುತ್ತದೆ. ಹರಿದದ್ದನ್ನು ವಾಪಸು ತಂದರೆ ಸಣ್ಣ ಕೋಶಗಳಾಗಿ ಹೊಲಿದು ಕೊಡುತ್ತೇವೆ, ಅಷ್ಟೆ. ಈ ಪೊಟ್ಟಣಗಳೇ ನಿಂತುಹೋದರೆ ನಮ್ಮ ಅಂಗಡಿಯೂ ನಿಲ್ಲಬೇಕು. ವೈದ್ಯ ರೋಗ ಬೇಡುವುದಿಲ್ಲ. ಆದರೆ ರೋಗವೇ ಇಲ್ಲದ ಊರಿನಲ್ಲಿ ಅವನ ಮನೆ ಬಾಡಿಗೆ ಕಟ್ಟುವವರಾರು? ಆ ದಿನ ಬಂದರೆ ಚಿಕ್ಕಪ್ಪನ ಶಿಷ್ಯರು ಹತ್ತಿಯನ್ನೋ ರೇಷ್ಮೆಯನ್ನೋ ನೇಯುತ್ತಾರೆ. ಕೈ ಕಲಿತದ್ದು ಪ್ಲಾಸ್ಟಿಕ್ಕನ್ನಲ್ಲ, ಮಗ್ಗವನ್ನು.

ಕಳೆದ ತಿಂಗಳು ನಮ್ಮ ನಾಲ್ವರಲ್ಲಿ ಹಿರಿಯಳಾದ ಹೆಂಗಸು ಗೋಣಿ ಇಳಿಸಿ, ಕಾಫಿ ಕುಡಿದು, ಎಂದಿನಂತೆ ಹೊರಡದೆ ಹೊಲಿಗೆಯ ಕೋಣೆಯ ಬಾಗಿಲಲ್ಲಿ ನಿಂತಳು. ಮಗಳು ಕಾಲೇಜಿಗೆ ಸೇರಿದ್ದಾಳೆ, ಪುಸ್ತಕಕ್ಕೆ ಒಂದು ಚೀಲ ಬೇಕು ಎಂದಳು. ಹಸಿರು ಬೆಳ್ಳಿಯ ಒಂದನ್ನು ಆರಿಸಿದಳು. ಸೊಸೆ ಕಾಸು ಬೇಡವೆಂದಾಗ ಅವಳ ಮುಖ ಬಿಗಿಯಿತು.

‘ಪುಕ್ಕಟೆ ಬ್ಯಾಡ ಕಣವ್ವ. ರೇಟೇಳು.’

‘ಆರುನೂರೈವತ್ತು.’

‘ಇದರಾಗೆ ನಾ ತಂದ ಕವರ್‌ಗೆ ಎಷ್ಟು ಕೊಟ್ಟೆ?’

‘ಆರು ರೂಪಾಯಿ.’

ಅವಳು ಚೀಲವನ್ನು ತಿರುಗಿಸಿ ನೋಡಿ, ಬಹಳ ಶಾಂತವಾಗಿ, ‘ನಾ ಆಯ್ದಿಲ್ಲ ಅಂದ್ರೆ ನೀವೆಲ್ಲ ಏನು ನೇಯ್ತಿದ್ರಿ?’ ಎಂದಳು.

ಮೂವತ್ತು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದವನು ನಾನು. ಸುಮ್ಮನೆ ಸೊಸೆಯ ಕಡೆ ನೋಡಿದೆ. ಸೊಸೆ ಲೆಕ್ಕದ ಪುಸ್ತಕ ತೆಗೆದಳು. ಒಳಗಿನಿಂದ ಚಿಕ್ಕಪ್ಪನವರ ಹಣಿಗೆಯ ಸದ್ದು ಒಂದು ಕ್ಷಣ ನಿಂತಿತು, ಅವರೂ ಕೇಳುತ್ತಿದ್ದಿರಬೇಕು. ಅರ್ಧ ಗಂಟೆ ಚೌಕಾಸಿ ನಡೆಯಿತು. ಈಗ ನಮ್ಮ ಲೆಕ್ಕದಲ್ಲಿ ಹೊಸದೊಂದು ಸಾಲಿದೆ: ಕಿಲೋ ದರದ ಮೇಲೆ, ಮಾರಿದ ಪ್ರತಿ ಚೀಲಕ್ಕೆ ಆಯ್ದವರ ಪಾಲು 20 ರೂಪಾಯಿ. ನಮಗೆ ಉಳಿಯುವುದು 54. ಚೀಲದ ಬಾಬ್ತು ಅವಳು 300 ರೂಪಾಯಿ ಎಣಿಸಿಕೊಟ್ಟಳು. ಉಳಿದದ್ದನ್ನು ಮುಂದಿನ ಚೀಲಗಳ ಪಾಲಿನಲ್ಲಿ ಹಿಡಿದುಕೊಳ್ಳಲು ಹೇಳಿ, ಖಾಲಿ ಗೋಣಿಯನ್ನು ಒಂದು ಹೆಗಲಿಗೂ ಹೊಸ ಚೀಲವನ್ನು ಇನ್ನೊಂದು ಹೆಗಲಿಗೂ ಹಾಕಿಕೊಂಡು ಬೀದಿಗಿಳಿದಳು. ಎದುರು ಮನೆಯ ನಾಯಿ ಎದ್ದು ನಿಂತಿತು. ಯಾವ ಹೆಗಲನ್ನು ನೋಡಬೇಕೆಂದು ತಿಳಿಯದೆಯೋ ಏನೋ, ಬೊಗಳಲಿಲ್ಲ.